ಕೊಳ್ಳುವವನ ಪಕ್ಷದ ದಲ್ಲಾಳಿ ಯಾರು?

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡವರಿಗೆ ಒಂದು ಸಂಗತಿಯು ತಿಳಿದೇ ಇರುವುದು. ಒಂದು ಜೊತೆ ಎತ್ತುಗಳನ್ನು ಕೊಳ್ಳಬಂದ ರೈತನು ಮಾರುವವನ ದಲ್ಲಾಳಿಯ ಬಾಯಿಮಾತನ್ನು ನಂಬಿ ಹಣದ ಗಂಟನ್ನು ಬಿಚ್ಚುವುದಿಲ್ಲ. ಹಲ್ಲು ನೋಡಿ ವಯಸ್ಸು ಹೇಳಬಲ್ಲ, ಸುಳಿ ಗುರುತಿಸಬಲ್ಲ, ನಾಲ್ಕು ಹೆಜ್ಜೆ ನಡೆಸಿ ಕುಂಟನ್ನು ಕಂಡುಹಿಡಿಯಬಲ್ಲ ಹಿರಿಯನೊಬ್ಬನನ್ನು ತನ್ನ ಊರಿನಿಂದಲೇ ಜೊತೆಗೆ ಕರೆತರುವನು. ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವಾಗ ಆ ಹಿರಿಯನು ಕೊಳ್ಳುವವನ ಮಗ್ಗುಲಲ್ಲಿ ನಿಂತಿರುವನು. ಮಾರುವವನ ಮನುಷ್ಯನು ಮಾರುವವನ ಮಗ್ಗುಲಲ್ಲಿರುವನು. ಇದರಿಂದ ಯಾರಿಗೂ ಅಸಮಾಧಾನವಿಲ್ಲ. ಎರಡು ಪಕ್ಷಗಳಿರುವಲ್ಲಿ ಇಬ್ಬರು ಮಾತುಗಾರರಿರುವುದು ನ್ಯಾಯವೆಂದು ಎಲ್ಲರೂ ಬಲ್ಲರು.

ಎತ್ತಿನ ಜೋಡಿಗೆ ಇಷ್ಟು ಜಾಗರೂಕತೆಯಿರುವ ಈ ಸೀಮೆಯಲ್ಲಿ, ಜೀವಮಾನದ ಗಳಿಕೆಯನ್ನೆಲ್ಲ ಸುರಿದು, ಮುಂದಿನ ಇಪ್ಪತ್ತು ವರ್ಷಗಳ ಸಂಬಳವನ್ನು ಬ್ಯಾಂಕಿಗೆ ಒತ್ತೆಯಿಟ್ಟು ಕೊಳ್ಳುವ ಮನೆಯ ವಿಷಯದಲ್ಲಿ ನಮ್ಮ ಜನರು ಒಬ್ಬಂಟಿಗರಾಗಿ ಹೋಗಿ ನಿಲ್ಲುತ್ತಿರುವುದು ವಿಷಾದಕರವು. ಪ್ರಕೃತ ನಮ್ಮ ವಾಚಕರ ಮುಂದಿಡಬಯಸುವ ವಿಚಾರವು ಇದೇ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯು 1986ರಲ್ಲಿ ಪ್ರತ್ಯೇಕವಾಯಿತು. 2007ರಲ್ಲಿ ರಾಮನಗರ ಜಿಲ್ಲೆಯು ಅದರಿಂದ ಬೇರೆಯಾದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲವೆಂಬ ನಾಲ್ಕು ತಾಲ್ಲೂಕುಗಳು ಉಳಿದುವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಆರಂಭವಾದಂದಿನಿಂದ ಈ ಸೀಮೆಯ ನೆಲದ ಬೆಲೆಯು ಏರಿದ ಬಗೆಯನ್ನು ವರ್ಣಿಸಬೇಕಾದುದಿಲ್ಲ. ಚಕ್ಕೋತದ ತೋಟಗಳಿದ್ದೆಡೆ, ರಾಗಿಯ ಹೊಲಗಳಿದ್ದೆಡೆ ಬಡಾವಣೆಗಳ ಕಮಾನುಗಳೆದ್ದಿವೆ. ಜಿಲ್ಲೆಗೆ ಬೆಂಗಳೂರು ಉತ್ತರವೆಂದು ಹೆಸರಿಡಲು ಸಚಿವ ಸಂಪುಟವು 2025ರ ಜುಲೈ ತಿಂಗಳಲ್ಲಿ ತೀರ್ಮಾನಿಸಿತು. ಹೆಸರಿನಿಂದ ಗ್ರಾಮವು ಹೋಗುವ ಮೊದಲೇ ಹೊಲಗಳು ಹೋಗತೊಡಗಿದ್ದುವು.

ಈ ಬಡಾವಣೆಗಳಲ್ಲಿ ಭಾನುವಾರಗಳಂದು ನಡೆಯುವ ಪ್ರದರ್ಶನವನ್ನು ಗಮನಿಸಿರಿ. ಬೆಂಗಳೂರಿನಿಂದ ವಾಹನಗಳಲ್ಲಿ ಕುಟುಂಬಗಳನ್ನು ಕರೆತರುವರು. ಶೃಂಗರಿಸಿದ ಮಾದರಿ ಮನೆಯ ಬಾಗಿಲನ್ನು ತೆರೆದಿಟ್ಟಿರುವರು. ಕಾಫಿ ಉಪಚಾರವೂ ಉಂಟು. ಬಾಗಿಲಲ್ಲಿಯೇ ಒಂದು ಪುಸ್ತಕವಿರುವುದು. ಒಳಗೆ ಹೋಗುವ ಮುನ್ನ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಅದರಲ್ಲಿ ಬರೆಯಬೇಕು. ಮರ್ಯಾದೆಗಾಗಿ ಎಲ್ಲರೂ ಬರೆಯುವರು. ಆ ಒಂದು ಸಾಲಿನ ಬರೆವಣಿಗೆಯಿಂದ ಏನಾಗುವುದೆಂಬುದು ಬಹುಮಂದಿಗೆ ತಿಳಿಯದು. ಅನೇಕ ಕಡೆಗಳಲ್ಲಿ, ಗಿರಾಕಿಯ ಹೆಸರನ್ನು ಮೊದಲು ದಾಖಲು ಮಾಡಿಸಿದ ಏಜೆಂಟನಿಗೇ ಆ ಗಿರಾಕಿಯು ಸೇರಿದವನೆಂದು ಬಿಲ್ಡರುಗಳು ಇಷ್ಟು ದಿನಗಳವರೆಗೆಂದು ಗಡುವು ಹಾಕಿ ಗುರುತುಮಾಡಿಕೊಳ್ಳುವರು. ತಾನಾಗಿ ಬಂದವನು ಬಿಲ್ಡರ ಸ್ವಂತ ಗಿರಾಕಿ ಎನಿಸಿಕೊಳ್ಳುವನು. ಆಮೇಲೆ ಆತನು ತನಗೆ ನಂಬುಗೆಯುಳ್ಳ, ಆ ಊರಿನ ಸರ್ವೆ ನಂಬರುಗಳನ್ನು ಬಲ್ಲ ಏಜೆಂಟನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋದರೆ, “ನಿಮ್ಮ ಹೆಸರು ಆಗಲೇ ದಾಖಲಾಗಿದೆ, ಇವರನ್ನು ನಾವು ಒಪ್ಪಿಕೊಳ್ಳಲಾರೆವು” ಎಂಬ ಉತ್ತರವು ಬರುವುದು. ಜಾತ್ರೆಯಲ್ಲಿ ಎತ್ತನ್ನು ನೋಡಲು ಬಂದ ರೈತನಿಗೆ, “ನೀನು ಹಗ್ಗವನ್ನು ಮುಟ್ಟಿದ್ದಾಯಿತು, ಇನ್ನು ನಿನ್ನ ಹಿರಿಯನು ಮಾತನಾಡಕೂಡದು” ಎಂದು ಹೇಳಿದರೆ ಜಾತ್ರೆಯೇ ನಗುತ್ತಿತ್ತು!

ಇಲ್ಲಿ ವಿಚಾರಿಸತಕ್ಕ ಮೂಲಪ್ರಶ್ನೆಯು, ಏಜೆಂಟನು ಯಾರ ಮನುಷ್ಯನು ಎಂಬುದು. 1872ರ ಭಾರತೀಯ ಕರಾರು ಕಾಯಿದೆಯಲ್ಲಿ ಏಜೆಂಟನ ಧರ್ಮವನ್ನು ಕುರಿತು ಒಂದು ಅಧ್ಯಾಯವೇ ಇದೆ. ಏಜೆಂಟನು ತನ್ನನ್ನು ನೇಮಿಸಿದ ಯಜಮಾನನಿಗೆ ಲೆಕ್ಕ ಒಪ್ಪಿಸತಕ್ಕದ್ದು. ಯಜಮಾನನಿಗೆ ತಿಳಿಯದಂತೆ ಅದೇ ವ್ಯವಹಾರದಲ್ಲಿ ಸ್ವಂತಕ್ಕೆ ಕೈಹಾಕಿದರೆ, ಅದರಿಂದ ಬಂದ ಲಾಭವನ್ನು ಯಜಮಾನನು ಕೇಳಬಹುದು. ಈ ನಿಯಮಕ್ಕೆ ಕಾಯಿದೆಯು 216ನೆಯ ಕಲಮಿನಲ್ಲಿ ಕೊಟ್ಟಿರುವ ದೃಷ್ಟಾಂತವು ಮನೆಯದೇ ಆಗಿರುವುದು ಗಮನಾರ್ಹವು. ಒಬ್ಬನು ಇಂಥ ಮನೆಯನ್ನು ತನಗಾಗಿ ಕೊಂಡುಕೊಡೆಂದು ಏಜೆಂಟನಿಗೆ ಹೇಳುವನು. ಏಜೆಂಟನು ಅದು ದೊರೆಯದೆಂದು ಹೇಳಿ ತಾನೇ ಕೊಂಡುಬಿಡುವನು. ಸತ್ಯವು ತಿಳಿದ ಮೇಲೆ ಯಜಮಾನನು ಅದೇ ಬೆಲೆಗೆ ಆ ಮನೆಯನ್ನು ಬಿಡಿಸಿಕೊಳ್ಳಬಹುದು. ನೂರೈವತ್ತು ವರ್ಷಗಳ ಹಿಂದೆಯೇ ಶಾಸನಕರ್ತರು ಕಂಡುಕೊಂಡ ಧರ್ಮವಿದು. ಆದರೆ ಈ ಧರ್ಮದ ರಕ್ಷಣೆಯು ನೇಮಿಸಿದವನಿಗೆ ದೊರೆಯುವುದೇ ಹೊರತು ನೇಮಿಸದವನಿಗೆ ದೊರೆಯದು. ಪ್ರದರ್ಶನದ ಬಾಗಿಲಲ್ಲಿ ನಗುಮುಖದಿಂದ ಸ್ವಾಗತಿಸುವ ಏಜೆಂಟನಿಗೆ ಕಮಿಷನ್ ಕೊಡುವವನು ಬಿಲ್ಡರು. ಯಾರ ಉಪ್ಪನ್ನು ಉಣ್ಣುವನೋ ಅವರ ಪಕ್ಷವನ್ನು ಆತನು ವಹಿಸಿದರೆ ಅದರಲ್ಲಿ ಆತನ ತಪ್ಪೇನೂ ಇಲ್ಲ. ಆತನನ್ನು ತನ್ನ ಹಿತಚಿಂತಕನೆಂದು ತಿಳಿದುಕೊಂಡ ಗಿರಾಕಿಯದೇ ತಪ್ಪು.

ರೇರಾ ಎಂದು ರೂಢಿಯಲ್ಲಿರುವ 2016ರ ಕಾಯಿದೆಯು ಬಂದ ಮೇಲೆ ಈ ತೊಂದರೆಗಳೆಲ್ಲ ತೀರಿದುವೆಂದು ಕೆಲವರು ನಂಬಿರುವರು. ಅದರಿಂದ ಮಹದುಪಕಾರವಾಗಿರುವುದನ್ನು ನಾವು ಮುಕ್ತಕಂಠದಿಂದ ಒಪ್ಪುವೆವು. ನೋಂದಣಿಯಾದ ಯೋಜನೆಗಳಲ್ಲಿ ಮನೆ ನಿವೇಶನಗಳನ್ನು ಮಾರಿಸುವ ಏಜೆಂಟನು ತಾನೂ ನೋಂದಾಯಿಸಿಕೊಳ್ಳಬೇಕು, ನೋಂದಣಿಯಾಗಬೇಕಾದ ಯೋಜನೆಯು ಆಗದಿದ್ದರೆ ಅದರ ಮಾರಾಟಕ್ಕೆ ಕೈಹಾಕಕೂಡದು, ಲೆಕ್ಕಪತ್ರಗಳನ್ನಿಡಬೇಕು, ಬುಕಿಂಗಿನ ಕಾಲದಲ್ಲಿ ಕೊಳ್ಳುವವನಿಗೆ ದೊರೆಯಬೇಕಾದ ದಾಖಲೆಗಳೆಲ್ಲವೂ ದೊರೆಯುವಂತೆ ನೋಡಿಕೊಳ್ಳಬೇಕು. ತಪ್ಪಿದರೆ ದಿನವೊಂದಕ್ಕೆ ಹತ್ತು ಸಾವಿರ ರೂಪಾಯಿಗಳಂತೆ, ವ್ಯವಹಾರದ ಬೆಲೆಯ ನೂರಕ್ಕೆ ಐದರವರೆಗೂ ದಂಡವುಂಟು. ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬಿಲ್ಡರು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡವನ್ನು ಪಡೆಯಕೂಡದು. ಇವೆಲ್ಲವೂ ಶ್ಲಾಘ್ಯವೇ. ಆದರೂ ಎರಡು ಕೊರತೆಗಳು ಉಳಿದಿವೆ. ಮೊದಲನೆಯದು, ಹಳೆಯ ಮನೆಗಳ ಮರುಮಾರಾಟ, ಸಣ್ಣ ನಿವೇಶನ, ಹಳ್ಳಿಯ ಜಮೀನುಗಳ ದಲ್ಲಾಳಿಯು ಈ ಕಟ್ಟಳೆಯ ಹೊರಗೇ ಇರುವುದು. ಎರಡನೆಯದು, ಏಜೆಂಟನು ಒಬ್ಬನ ಪರವಾಗಿ ವ್ಯವಹರಿಸುವವನೆಂದು ಕಾಯಿದೆಯು ಹೇಳುವುದಾದರೂ, ಆ ಒಬ್ಬನು ಯಾರೆಂಬುದನ್ನು ಮೊದಲ ಭೇಟಿಯಲ್ಲಿಯೇ ಬರೆದು ತೋರಿಸೆಂದು ಗಿರಾಕಿಯು ಕೇಳುವ ರೂಢಿಯು ನಮ್ಮಲ್ಲಿ ಬೆಳೆದೇ ಇಲ್ಲದಿರುವುದು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇದು ಏಕೆ ಅಷ್ಟು ಮುಖ್ಯವೆಂದರೆ, ಇಲ್ಲಿನ ನೆಲವು ನಿನ್ನೆ ಮೊನ್ನೆಯವರೆಗೆ ಬೇಸಾಯದ ನೆಲವು. ಅದನ್ನು 1964ರ ಭೂಕಂದಾಯ ಕಾಯಿದೆಯ ಮೇರೆಗೆ ಪರಿವರ್ತನೆ ಮಾಡಿಸಿರುವರೇ? ನಕ್ಷೆಗೆ ಒಪ್ಪಿಗೆಯನ್ನು ಕೊಡತಕ್ಕ ಯೋಜನಾ ಪ್ರಾಧಿಕಾರವೇ ಕೊಟ್ಟಿದೆಯೇ, ಅಥವಾ ಪಂಚಾಯತಿಯ ಒಂದು ಚೀಟಿಯನ್ನು ತೋರಿಸುತ್ತಿರುವರೇ? ಗ್ರಾಮ ಪಂಚಾಯತಿಯ 9 ಮತ್ತು 11ನೆಯ ನಮೂನೆಗಳು ಗಣಕಯಂತ್ರದ ದಾಖಲೆಯಿಂದಲೇ ಬಂದುವೇ? ಆ ಜಮೀನು ಒಂದು ಕಾಲದಲ್ಲಿ ಪರಿಶಿಷ್ಟ ಜಾತಿಯ ಬಡವನಿಗೆ ಸರ್ಕಾರದಿಂದ ಮಂಜೂರಾದದ್ದೇ? ಹಾಗಿದ್ದರೆ 1978ರ ಕಾಯಿದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅದನ್ನು ಪರಭಾರೆ ಮಾಡಕೂಡದು. ಮಾಡಿದರೆ ಆ ಕ್ರಯವೇ ಶೂನ್ಯವು. ಮೂಲ ಮಂಜೂರಾತಿದಾರನು ಅರ್ಜಿ ಸಲ್ಲಿಸಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿಯು ಹೇಳಿತು. ದುರ್ಬಲನ ನೆಲವು ಬಲಿಷ್ಠರ ಪಾಲಾಗದಿರಲೆಂದು ಮಾಡಿದ ಆ ಕಾಯಿದೆಯು ಧರ್ಮಸಮ್ಮತವಾದದ್ದು. ಆದರೆ ಅದನ್ನು ಮುಚ್ಚಿಟ್ಟು ಮಾರಿದವನ ಪಾಪಕ್ಕೆ, ತಿಳಿಯದೆ ಕೊಂಡ ಉಪಾಧ್ಯಾಯನೋ ಗುಮಾಸ್ತನೋ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಗುವುದು. ಉಪನೋಂದಣಾಧಿಕಾರಿಗಳು ಪತ್ರವನ್ನು ನೋಂದಾಯಿಸುವರೇ ಹೊರತು ಹಕ್ಕಿಗೆ ಜಾಮೀನು ನಿಲ್ಲುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನಂತೆ ಮಾರುವವನು ತನಗೆ ತಿಳಿದ, ಕೊಳ್ಳುವವನ ಸಾಮಾನ್ಯ ದೃಷ್ಟಿಗೆ ಬೀಳದ ಮುಖ್ಯ ದೋಷಗಳನ್ನು ಹೇಳತಕ್ಕದ್ದು. ಆದರೆ ಹೇಳಿಸುವವರು ಯಾರು? ಈ ಪ್ರಶ್ನೆಗಳನ್ನೆಲ್ಲ ಮಾರುವವನ ಕಮಿಷನ್ನಿನಿಂದ ಜೀವಿಸುವವನು ತಾನಾಗಿ ಎತ್ತುವನೆಂದು ನಿರೀಕ್ಷಿಸುವುದು ಹುಚ್ಚುತನ.

ಇದಕ್ಕೆ ಎದುರಾಗಿ ಹೇಳುವ ಮಾತುಗಳನ್ನೂ ನ್ಯಾಯವಾಗಿ ತೂಗಿ ನೋಡೋಣ. ಮೊದಲನೆಯದು ವೆಚ್ಚದ ಮಾತು. ಮುದ್ರಾಂಕ ಶುಲ್ಕವು ಹೇಗೂ ಇದೆ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ನೂರಕ್ಕೆ ಒಂದರಿಂದ ಎರಡಕ್ಕೆ ಏರಿತು. ಇದರ ಮೇಲೆ ಸ್ವಂತ ಏಜೆಂಟನಿಗೂ ಕೊಡುವುದೆಂತು ಎನ್ನುವರು. ಈ ಮಾತಿನಲ್ಲಿ ಹುರುಳಿದೆ. ಆದರೆ ಬಿಲ್ಡರು ಕೊಡುವ ಕಮಿಷನ್ ಆಕಾಶದಿಂದ ಇಳಿದುಬರುವುದಿಲ್ಲ. ಅದು ಮನೆಯ ಬೆಲೆಯೊಳಗೇ ಸೇರಿರುವುದು. ಕೊಳ್ಳುವವನು ಈಗಲೂ ಕೊಡುತ್ತಲೇ ಇರುವನು. ಕೊಟ್ಟೂ ಎದುರು ಪಕ್ಷದ ಮನುಷ್ಯನನ್ನು ಪೋಷಿಸುತ್ತಿರುವನು. ಎರಡನೆಯದು, ಮನೆಯನ್ನು ತೋರಿಸಿ ಬಿಸಿಲಲ್ಲಿ ತಿರುಗಿದ ಏಜೆಂಟನಿಗೆ ಕೂಲಿ ಬೇಡವೇ ಎಂಬ ಪ್ರಶ್ನೆ. ಬೇಕು, ದುಡಿದವನ ಕೂಲಿಯನ್ನು ಮುರಿಯೆಂದು ನಾವು ಹೇಳುವುದಿಲ್ಲ. ತೋರಿಸಿದುದಕ್ಕೆ ಆತನು ಮಾರುವವನಿಂದ ಪಡೆಯಲಿ. ಆದರೆ ತೋರಿಸಿದ ಮಾತ್ರಕ್ಕೆ ಗಿರಾಕಿಯ ಬುದ್ಧಿಗೂ ಬಾಯಿಗೂ ಆತನೇ ಒಡೆಯನಾಗಲಾರನು.

ಹೊರದೇಶದ ಒಂದು ನಿದರ್ಶನವನ್ನು ಇಲ್ಲಿ ಹೇಳುವುದು ಉಚಿತವು. ಅಮೆರಿಕದಲ್ಲಿ ಬಹುಕಾಲದಿಂದ ಮಾರುವವನು ಕೊಡುವ ಕಮಿಷನ್ನಿನಲ್ಲಿಯೇ ಇಬ್ಬರು ಏಜೆಂಟರೂ ಪಾಲು ಹಂಚಿಕೊಳ್ಳುವ ಪದ್ಧತಿಯಿತ್ತು. 2023ರ ಅಕ್ಟೋಬರ್ 31ರಂದು ಮಿಸೌರಿ ಸಂಸ್ಥಾನದ ಜ್ಯೂರಿಯೊಂದು, ಅಲ್ಲಿನ ರಿಯಲ್ಟರುಗಳ ರಾಷ್ಟ್ರೀಯ ಸಂಘವೂ ಕೆಲವು ಕಂಪೆನಿಗಳೂ ಸೇರಿ ಕಮಿಷನ್ನನ್ನು ಉಬ್ಬಿಸಿಟ್ಟುವೆಂದು ನಿರ್ಣಯಿಸಿ, ಸುಮಾರು 178 ಕೋಟಿ ಡಾಲರುಗಳ ನಷ್ಟವನ್ನು ಕಟ್ಟಿತು. ಮರುವರ್ಷ ಆ ಸಂಘವು 41.8 ಕೋಟಿ ಡಾಲರುಗಳಿಗೆ ರಾಜಿಮಾಡಿಕೊಂಡಿತು. ಅದರ ಫಲವಾಗಿ 2024ರ ಆಗಸ್ಟ್ 17ರಿಂದ, ಏಜೆಂಟನು ಕೊಳ್ಳುವವನಿಗೆ ಮನೆಯನ್ನು ತೋರಿಸುವ ಮುನ್ನ ತನ್ನ ಪ್ರತಿಫಲವೆಷ್ಟೆಂಬುದನ್ನು ಸ್ಪಷ್ಟವಾಗಿ ಬರೆದು ಕರಾರು ಮಾಡಿಕೊಳ್ಳಬೇಕೆಂಬ ನಿಯಮವು ಜಾರಿಗೆ ಬಂದಿತು. ಆದರೆ ಎಲ್ಲರಿಗೂ ಬಾಗಿಲು ತೆರೆದಿಟ್ಟ ಪ್ರದರ್ಶನಕ್ಕೆ ಸುಮ್ಮನೆ ನೋಡಲು ಹೋದವನು ಯಾವ ಕರಾರಿಗೂ ಸಹಿ ಮಾಡಬೇಕಾದುದಿಲ್ಲ. ಆತನು ಮನೆಯನ್ನು ನೋಡಿ ಬಂದು, ಆಮೇಲೆ ತನಗೆ ಬೇಕಾದ ಏಜೆಂಟನನ್ನು ಆರಿಸಿಕೊಳ್ಳಬಹುದು. ಪರದೇಶದ ಪದ್ಧತಿಗಳನ್ನೆಲ್ಲ ಕಣ್ಣುಮುಚ್ಚಿ ಅನುಸರಿಸಬೇಕೆನ್ನುವವರು ನಾವಲ್ಲ. ಆದರೆ ನೋಡುವುದು ಬೇರೆ, ಒಪ್ಪುವುದು ಬೇರೆ ಎಂಬ ಈ ವಿವೇಕವು ನಮ್ಮ ಘಾಟಿಯ ಜಾತ್ರೆಯಲ್ಲಿಯೂ ಇರುವುದೇ. ನಮ್ಮದನ್ನು ನಾವು ಮರೆತಿರುವೆವಷ್ಟೆ.

ಆದಕಾರಣ ಆಗತಕ್ಕ ಕಾರ್ಯವೇನು? ಕೊಳ್ಳುವ ಮಹಾಶಯರು ಪ್ರದರ್ಶನಕ್ಕೆ ಹೋದಾಗ ತಾವು ನೋಡಲು ಮಾತ್ರ ಬಂದವರೆಂದೂ, ಏಜೆಂಟನನ್ನು ಆಮೇಲೆ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಉಳಿಸಿಕೊಂಡಿರುವೆವೆಂದೂ ಪುಸ್ತಕದಲ್ಲಿ ಹೆಸರಿನೊಡನೆ ಬರೆಯಲಿ. ಅದೇ ದಿನ ಮುಂಗಡದ ಚೆಕ್ಕನ್ನು ಬರೆಯದಿರಲಿ. ಏಜೆಂಟನನ್ನು ಗೊತ್ತುಮಾಡುವಾಗ ಆತನ ರೇರಾ ನೋಂದಣಿಯ ಸಂಖ್ಯೆಯನ್ನು ಕೇಳಲಿ. ಪ್ರತಿಫಲವೆಷ್ಟು, ಎದುರು ಪಕ್ಷದಿಂದ ಏನಾದರೂ ಪಡೆಯುವನೇ ಎಂಬುದನ್ನು ಒಂದು ಹಾಳೆಯ ಮೇಲೆ ಬರೆಸಿಕೊಳ್ಳಲಿ. ಏಜೆಂಟನೆಷ್ಟೇ ನಿಪುಣನಾಗಿದ್ದರೂ ವಕೀಲನ ಕೆಲಸವನ್ನು ಆತನಿಗೆ ಒಪ್ಪಿಸತಕ್ಕದ್ದಲ್ಲ. ಮೂಲಪತ್ರಗಳನ್ನೂ ಋಣಭಾರ ಪತ್ರವನ್ನೂ ತನ್ನದೇ ವಕೀಲನಿಗೆ ತೋರಿಸಬೇಕು.

ಬಿಲ್ಡರುಗಳಿಗೆ ನಮ್ಮ ಬಿನ್ನಹವೇನೆಂದರೆ, ಮೊದಲು ಹೆಸರು ಬರೆಸಿದವನಿಗೆ ಗಿರಾಕಿಯು ಸೇರಿದವನೆಂಬ ಪದ್ಧತಿಯನ್ನು ಅವರು ತಾವಾಗಿ ಕೈಬಿಡಲಿ. ಒಳ್ಳೆಯ ಸರಕನ್ನಿಟ್ಟವನು ಗಿರಾಕಿಯ ಜೊತೆಗಾರನಿಗೆ ಅಂಜಬೇಕಾದುದಿಲ್ಲ. ನಮ್ಮ ಊರುಗಳ ದಲ್ಲಾಳಿಗಳಿಗೂ ಒಂದು ಮಾತು: ಕೊಳ್ಳುವವನ ಪಕ್ಷವನ್ನು ಪ್ರಾಮಾಣಿಕವಾಗಿ ವಹಿಸುವವನೆಂಬ ಹೆಸರನ್ನು ಪಡೆದವನಿಗೆ ಕೆಲಸದ ಕೊರತೆಯುಂಟಾಗದು. ಪಹಣಿ, ಗಡಿಕಲ್ಲು, ಕೆರೆಯಂಗಳ, ರಾಜಕಾಲುವೆಗಳನ್ನು ಬಾಲ್ಯದಿಂದ ಬಲ್ಲ ಹಳ್ಳಿಯ ಯುವಕರಿಗೆ ಇದು ಗೌರವದ ವೃತ್ತಿಯಾಗಬಹುದು.

ಸರ್ಕಾರದವರೂ ರಾಜ್ಯದ ರೇರಾ ಪ್ರಾಧಿಕಾರದವರೂ ಮಾಡತಕ್ಕದ್ದು ಬಹಳವೇನೂ ಇಲ್ಲ. ಪ್ರತಿಯೊಬ್ಬ ಏಜೆಂಟನೂ ಮೊದಲ ಭೇಟಿಯಲ್ಲಿಯೇ, ತಾನು ಯಾರ ಪರವಾಗಿ ಬಂದಿರುವೆನು, ಯಾರಿಂದ ಎಷ್ಟು ಪಡೆಯುವೆನು ಎಂಬುದನ್ನು ಕನ್ನಡದಲ್ಲಿ ಮುದ್ರಿಸಿದ ಚೀಟಿಯಲ್ಲಿ ಕೊಡಬೇಕೆಂದು ವಿಧಿಸಲಿ. ನೋಡಲು ಬಂದವನ ಸಹಿಯಿಂದ ಆತನ ಆಯ್ಕೆಯು ಕಟ್ಟುಬೀಳದೆಂದು ಸಾರಲಿ. ಮರುಮಾರಾಟದ ದಲ್ಲಾಳಿಗಳನ್ನೂ ನೋಂದಣಿಯೊಳಗೆ ತರುವ ವಿಚಾರವನ್ನು ಶಾಸನಸಭೆಯ ಮುಂದಿಡಲಿ. ಇದಕ್ಕೆ ಬೊಕ್ಕಸದ ಹಣವು ವಿಶೇಷವಾಗಿ ಬೇಕಾಗದು.

ಸ್ವರಾಜ್ಯವೆಂದರೆ ವಿಧಾನಸೌಧದ ಮೇಲೆ ಹಾರುವ ಬಾವುಟವಷ್ಟೇ ಎಂದು ನಾವು ಎಂದೂ ತಿಳಿದವರಲ್ಲ. ತನ್ನ ಪರವಾಗಿ ಮಾತನಾಡುವವನನ್ನು ತಾನೇ ಆರಿಸಿಕೊಳ್ಳುವ ಹಕ್ಕೇ ಅದರ ಬೇರು. ಶಾಸನಸಭೆಗೆ ಪ್ರತಿನಿಧಿಯನ್ನು ಆರಿಸುವ ಪ್ರಜೆಯು, ತನ್ನ ಮನೆಯ ಕ್ರಯದಲ್ಲಿ ಮಾತ್ರ ಎದುರು ಪಕ್ಷದವರು ನೇಮಿಸಿದ ಪ್ರತಿನಿಧಿಯನ್ನು ತಲೆಬಾಗಿ ಒಪ್ಪುವುದು ಶೋಭಿಸದು. ಬರುವ ಭಾನುವಾರ ದೇವನಹಳ್ಳಿಯ ಕಡೆಗೋ ನೆಲಮಂಗಲದ ಕಡೆಗೋ ಮನೆ ನೋಡಲು ಹೊರಡುವ ವಾಚಕರು, ಆ ಪುಸ್ತಕದ ಮುಂದೆ ಪೇನವನ್ನು ಕೈಗೆ ತೆಗೆದುಕೊಂಡಾಗ ಇದನ್ನು ಒಂದು ಕ್ಷಣ ಸ್ಮರಿಸಿಕೊಳ್ಳಲೆಂದು ನಮ್ಮ ಕೋರಿಕೆ.