ನವೀಕರಣವೂ ಪ್ರಿಂಟರಿನ ಮರೆವೂ

ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯವರು ನೀಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ರಂದು ಕೊನೆಗೊಂಡುದನ್ನು ವಾಚಕರು ಬಲ್ಲರು. ಆದಕಾರಣ ಅನೇಕ ಕಚೇರಿಗಳಲ್ಲಿ ಗಣಕಯಂತ್ರಗಳನ್ನು ವಿಂಡೋಸ್ ೧೧ಕ್ಕೆ ಏರಿಸಬೇಕಾಗಿ ಬಂದಿದೆ. ರಕ್ಷಣೆಯ ದೃಷ್ಟಿಯಿಂದ ಇದು ಅವಶ್ಯವೇ ಸರಿ. ನಾವು ಅದನ್ನು ವಿರೋಧಿಸುವವರಲ್ಲ. ಆದರೆ ಯಂತ್ರವು ಹೊಸತಾದ ಮರುದಿನವೇ ಪ್ರಿಂಟರು ಹಿಂದಿನ ಏರ್ಪಾಡುಗಳನ್ನೆಲ್ಲ ಮರೆತು ಕುಳಿತರೆ, ಅದರ ಕಷ್ಟವನ್ನು ಅನುಭವಿಸುವವರು ಯಾರು?

ಈ ಮರೆವು ನೋಡುವುದಕ್ಕೆ ಅಲ್ಪವಾದುದು. ನಮ್ಮ ದೇಶದ ಕಚೇರಿಗಳಲ್ಲಿ ನಡೆಯುವ ಎ-೪ ಕಾಗದವು ೨೧೦ ಮಿಲಿಮೀಟರ್ ಅಗಲ, ೨೯೭ ಮಿಲಿಮೀಟರ್ ಉದ್ದದ್ದು. ಅಮೆರಿಕದಲ್ಲಿ ಬಳಕೆಯಲ್ಲಿರುವ ಲೆಟರ್ ಕಾಗದದ ಉದ್ದವಾದರೋ ೨೭೯ ಮಿಲಿಮೀಟರ್ ಮಾತ್ರ. ಏರ್ಪಾಡು ಅಳಿಸಿಹೋಗಿ ಲೆಟರ್ ಅಳತೆ ನೆಲೆಗೊಂಡಿತೆಂದರೆ, ಪ್ರಮಾಣಪತ್ರದ ಕೊನೆಯ ಸಾಲು ಕತ್ತರಿಸಿ ಹೋಗಬಹುದು. ಇಲ್ಲವೆ ತಟ್ಟೆಯ ತುಂಬ ಕಾಗದವಿದ್ದರೂ ಪ್ರಿಂಟರು ಕಾಗದ ಬೇಡುತ್ತ ದೀಪ ಮಿನುಗಿಸಬಹುದು. ಹತ್ತು ಹರದಾರಿಯಿಂದ ಬಂದ ಅರ್ಜಿದಾರನು ನಾಳೆ ಬಾರೆಂಬ ಉತ್ತರವನ್ನು ಹೊತ್ತು ಮರಳುತ್ತಾನೆ. ಅವನ ಒಂದು ದಿನದ ಕೂಲಿಯನ್ನು ತುಂಬಿಕೊಡುವವರು ಯಾರೂ ಇಲ್ಲ.

ಕಾರಣವು ಗೂಢವಾದುದಲ್ಲ. ಗಣಕಯಂತ್ರಕ್ಕೂ ಪ್ರಿಂಟರಿಗೂ ನಡುವೆ ಡ್ರೈವರ್ ಎಂಬ ದುಭಾಷಿಯುಂಟು. ಕಾಗದದ ಅಳತೆ, ಎರಡು ಬದಿಯ ಮುದ್ರಣ, ತಟ್ಟೆಯ ಆಯ್ಕೆ ಮುಂತಾದವು ಅವನ ಮೂಲಕವೇ ನಡೆಯತಕ್ಕವು. ಹಳೆಯ ದುಭಾಷಿಯು ಹೋಗಿ ಸಾಮಾನ್ಯ ಡ್ರೈವರ್ ಬಂದರೆ, ಮನೆಯ ರೂಢಿಗಳನ್ನು ಅವನಿಗೆ ಹೊಸದಾಗಿ ಹೇಳಿಕೊಡಬೇಕಾಗುತ್ತದೆ. ತಯಾರಕರ ಪ್ರತ್ಯೇಕ ಡ್ರೈವರುಗಳನ್ನು ಕ್ರಮೇಣ ಹಿಂದಕ್ಕಿರಿಸಿ ಸಾಮಾನ್ಯ ಡ್ರೈವರನ್ನೇ ಮುಂದು ಮಾಡುವ ಯೋಜನೆಯನ್ನು ಕಂಪೆನಿಯವರು ೨೦೨೩ರಲ್ಲಿಯೇ ಪ್ರಕಟಿಸಿದ್ದಾರೆ. ಆದುದರಿಂದ ಈ ತೊಡಕು ಒಂದು ಸಲಕ್ಕೆ ಮುಗಿಯತಕ್ಕದ್ದೆಂದು ನಾವು ನಂಬಲಾರೆವು.

ಬಳಸುವವನು ಮಾಡಿಕೊಂಡ ಏರ್ಪಾಡು ಬಳಸುವವನ ಸೊತ್ತು. ಸೂರು ರಿಪೇರಿಗೆ ಬಂದವನು ಅಡಿಗೆಮನೆಯ ಪಾತ್ರೆಗಳನ್ನು ಚೆಲ್ಲಾಡಿ ಹೋಗುವುದನ್ನು ಯಾವ ಗೃಹಸ್ಥನೂ ಸಹಿಸನು. ಏರ್ಪಾಡನ್ನು ಉಳಿಸಲಾಗದಿದ್ದರೆ, ಏನೇನು ಅಳಿಯುವುದೆಂದು ಮುಂಚಿತವಾಗಿ ತಿಳಿಸುವುದಾದರೂ ತಂತ್ರಾಂಶ ತಯಾರಕರ ಧರ್ಮವಲ್ಲವೆ?

ಅಲ್ಲಿಯವರೆಗೆ ಕಚೇರಿಗಳ ಮುಖ್ಯಸ್ಥರು ಕೈಕಟ್ಟಿ ಕೂಡಬೇಕಾಗಿಲ್ಲ. ನವೀಕರಣಕ್ಕೆ ಮೊದಲು ಪ್ರತಿಯೊಂದು ಪ್ರಿಂಟರಿನ ಹೆಸರು, ಡ್ರೈವರ್, ಕಾಗದದ ಅಳತೆಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆಯಿಸಿಡಲಿ. ಮೊದಲು ಒಂದೇ ಯಂತ್ರವನ್ನು ನವೀಕರಿಸಿ ನೋಡಲಿ. ನಿತ್ಯದ ನಮೂನೆಯೊಂದು ಕಾಗದದ ಮೇಲೆ ಸರಿಯಾಗಿ ಮೂಡುವ ತನಕ ಗುತ್ತಿಗೆದಾರನ ಬಿಲ್ಲಿಗೆ ರುಜು ಹಾಕದಿರಲಿ. ಇಷ್ಟು ಮಾಡಲು ಹೊಸ ಹಣವೂ ಬೇಡ, ಹೊಸ ಕಾನೂನೂ ಬೇಡ. ಅಧಿಕಾರಿಗಳು ಇತ್ತ ಲಕ್ಷ್ಯವೀಯುವರೆಂದು ಆಶಿಸುತ್ತೇವೆ.