ಹುಟ್ಟುಹಬ್ಬಕ್ಕೆ ಹಾಕಿದ ಚಪ್ಪರ

ಮದುವೆಗೆ ಹಾಕಿದ ಚಪ್ಪರವನ್ನು ಮರುದಿನವೇ ಬಿಚ್ಚುವುದು ವಾಡಿಕೆ. ಆದರೆ ಅಮೆರಿಕದ ಫ್ಲೋರಿಡಾದಲ್ಲಿ ಒಂದು ಹುಟ್ಟುಹಬ್ಬದ ನೆಪದಲ್ಲಿ ಎದ್ದ ಡೇರೆಗಳ ಊರು 22 ವರ್ಷಗಳಿಗೂ ಹೆಚ್ಚು ಕಾಲ ಬಾಳಿತು. ಹುಟ್ಟುಹಬ್ಬ ಯಾರದೆಂದು ನಿಮ್ಮ ಮಕ್ಕಳನ್ನು ಕೇಳಿ ನೋಡಿ, ಥಟ್ಟನೆ ಹೇಳಿಯಾರು. ಮಿಕ್ಕಿ ಮೌಸ್ ಎಂಬ ಇಲಿಯದು!

1928ರಲ್ಲಿ ತೆರೆಗೆ ಬಂದ ಮಿಕ್ಕಿಗೆ 1988ರಲ್ಲಿ 60 ತುಂಬಿತು. ಆ ವರ್ಷದ ಜೂನ್‌ನಲ್ಲಿ, ವಾಲ್ಟ್ ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ಮೂಲೆಯಲ್ಲಿ 'ಮಿಕ್ಕೀಸ್ ಬರ್ತ್‌ಡೇಲ್ಯಾಂಡ್' ತೆರೆಯಿತು. ಕೆಲವು ಡೇರೆಗಳು, ಮಿಕ್ಕಿಗೊಂದು ಮನೆ, ಹುಟ್ಟುಹಬ್ಬದ ಒಂದು ಆಟ, ರೈಲು ನಿಲ್ಲಲು ಪುಟ್ಟ ನಿಲ್ದಾಣ. ಸ್ವಲ್ಪ ಕಾಲಕ್ಕೆಂದು ಮಾಡಿದ್ದಷ್ಟೆ. ಆದರೆ ಜನ ಬಿಡಲಿಲ್ಲ. ಹಬ್ಬ ಮುಗಿದ ಮೇಲೂ ಹೆಸರು ಬದಲಾಯಿತೇ ಹೊರತು ಊರು ಹೋಗಲಿಲ್ಲ. 1990ರಲ್ಲಿ ಅದು 'ಸ್ಟಾರ್‌ಲ್ಯಾಂಡ್', 1996ರಲ್ಲಿ 'ಟೂನ್‌ಟೌನ್ ಫೇರ್'.

ಅಲ್ಲೊಂದು ಹಸು ಇತ್ತು. ಹೆಸರು ಮಿನ್ನಿ ಮೂ. ಅದರ ಮೈಮೇಲೆ ಹುಟ್ಟಿನಿಂದಲೇ ಮಿಕ್ಕಿಯ ತಲೆ ಮತ್ತು ಎರಡು ಕಿವಿಗಳ ಆಕಾರದ ಕಪ್ಪು ಮಚ್ಚೆ! ಯಂತ್ರಗಳಿಂದಲೇ ತುಂಬಿದ ಉದ್ಯಾನದಲ್ಲಿ ಮೇವು ಮೆಲ್ಲುತ್ತ ನಿಂತ ಹಸುವೊಂದನ್ನು ನೋಡಲು ಮಕ್ಕಳು ಮುಗಿಬೀಳುತ್ತಿದ್ದರೆಂದರೆ ನನಗೇನೂ ಆಶ್ಚರ್ಯವಿಲ್ಲ.

1996ರಲ್ಲಿ ಆ ಕೊಟ್ಟಿಗೆ ಹೋಗಿ ಪುಟ್ಟ ರೋಲರ್ ಕೋಸ್ಟರ್ ಬಂತು. ಹತ್ತಲು ಮಗು 35 ಅಂಗುಲ ಎತ್ತರ ಇರಲೇಬೇಕು. ಅದಕ್ಕಿಂತ ಕುಳ್ಳಗಿನವರ ಪಾಲಿಗೆ ಉಳಿದದ್ದು ಮನೆಗಳು. ಮಿಕ್ಕಿಯ ಮನೆಯ ಅಡುಗೆ ಕೋಣೆಯಲ್ಲಿ ದುರಸ್ತಿ ನಡೆದು ಬಣ್ಣ ಎಲ್ಲೆಂದರಲ್ಲಿ ಚೆಲ್ಲಿತ್ತು. (ಆ ಕೆಲಸ ಡೊನಾಲ್ಡ್ ಮತ್ತು ಗೂಫಿಯರದು. ದುರಸ್ತಿಯವರು ಬಂದುಹೋದ ಮನೆಯ ಗತಿ ಎಲ್ಲೆಡೆ ಒಂದೇ!) ಮಿನ್ನಿಯ ಮನೆಯಲ್ಲಿ ಫ್ರಿಜ್ ತೆರೆದರೆ ಮುಖಕ್ಕೆ ತಣ್ಣನೆಯ ಗಾಳಿ, ಮೈಕ್ರೋವೇವ್‌ನಲ್ಲಿ ಪಟಪಟನೆ ಪಾಪ್‌ಕಾರ್ನ್ ಸಿಡಿಯುವ ಸದ್ದು. ಪಕ್ಕದಲ್ಲಿ ನೀರು ಚಿಮ್ಮಿಸುವ ಡೊನಾಲ್ಡನ ದೋಣಿ. ಅಲ್ಲಿಗೆ ಹೋಗುವ ತಾಯಿಯ ಚೀಲದಲ್ಲಿ ಇನ್ನೊಂದು ಜೊತೆ ಬಟ್ಟೆ ಇರಲೇಬೇಕಿತ್ತು.

ಇದರಲ್ಲಿ ದೊಡ್ಡ ಸಂಗತಿ ಏನಿದೆ ಎನ್ನುವಿರಾ? ಮನೆಯಲ್ಲಿ ನಾವು ದಿನಕ್ಕೆ ಹತ್ತು ಸಲ 'ಫ್ರಿಜ್ ಮುಟ್ಟಬೇಡ, ಒಲೆ ಹತ್ತಿರ ಬರಬೇಡ' ಎನ್ನುತ್ತೇವೆ. ಮೂರು ವರ್ಷದ ಮಗು ಯಾರಿಂದಲೂ ಬೈಸಿಕೊಳ್ಳದೆ ಇವನ್ನೆಲ್ಲ ಮುಟ್ಟಿ ನೋಡಬಹುದಾದ ಮನೆ ಅದು. ಲೆಕ್ಕ ಹಾಕುವವರ ಪುಸ್ತಕದಲ್ಲಿ ಇಂಥದ್ದು 'ಆಕರ್ಷಣೆ' ಎನಿಸುವುದಿಲ್ಲ.

2011ರ ಫೆಬ್ರವರಿಯಲ್ಲಿ ಟೂನ್‌ಟೌನ್ ಫೇರ್ ಮುಚ್ಚಿತು. ಫ್ಯಾಂಟಸಿಲ್ಯಾಂಡ್ ಎಂಬ ಪಕ್ಕದ ವಿಭಾಗವನ್ನು ಹಿಗ್ಗಿಸಲು ಆ ಜಾಗ ಬೇಕಿತ್ತು. ಎರಡೂ ಮನೆಗಳನ್ನು ಕೆಡವಲಾಯಿತು. ಮರುವರ್ಷ ಅಲ್ಲಿ 'ಸ್ಟೋರಿಬುಕ್ ಸರ್ಕಸ್' ಬಂತು. ರೋಲರ್ ಕೋಸ್ಟರ್ ಹೊಸ ವೇಷ ತೊಟ್ಟು ಉಳಿದುಕೊಂಡಿತು. ಹಾರುವ ಆನೆ ಡಂಬೋವಿನ ಆಟ ಒಂದರ ಬದಲು ಎರಡಾಯಿತು. ಸರದಿ ಬರುವವರೆಗೆ ಮಕ್ಕಳು ನೆರಳಲ್ಲಿ ಆಡಿಕೊಂಡಿರಲು ಒಂದು ಜಾಗವನ್ನೂ ಮಾಡಿದರು. ಬಿಸಿಲಲ್ಲಿ ಮಗುವನ್ನು ಸೊಂಟದಲ್ಲಿಟ್ಟು ಸಾಲಿನಲ್ಲಿ ನಿಂತವರಿಗೆ ಅದರ ಬೆಲೆ ಗೊತ್ತು. ಅಷ್ಟಾದರೂ, ಫ್ರಿಜ್ ತೆರೆಯುವ ಸುಖಕ್ಕೆ ಅದು ಬದಲಿಯಲ್ಲ.

ಇಂಥದ್ದೇ ಇನ್ನೊಂದು ಟೂನ್‌ಟೌನ್ ದೇಶದ ಆಚೆ ತುದಿಯಲ್ಲಿ, ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ, 1993ರಲ್ಲಿ ಆರಂಭವಾಗಿತ್ತು. ಅಲ್ಲೂ ಮಿಕ್ಕಿಯ ಮನೆ, ಮಿನ್ನಿಯ ಮನೆ. ಅದನ್ನೂ 2022ರಲ್ಲಿ ಮುಚ್ಚಿದಾಗ ಫ್ಲೋರಿಡಾದ ಕಥೆಯೇ ಆಗುವುದೆಂದು ಹೆದರಿದವರಿದ್ದರೆ ತಪ್ಪಿಲ್ಲ. ಆದರೆ 2023ರ ಮಾರ್ಚ್‌ನಲ್ಲಿ ಅದು ಮತ್ತೆ ತೆರೆದಾಗ ಮನೆಗಳು ಅಲ್ಲೇ ಇದ್ದವು. ಗಟ್ಟಿ ನೆಲವಿದ್ದ ಜಾಗದಲ್ಲಿ ಹುಲ್ಲುಹಾಸು ಬಂದಿತ್ತು, ನೆರಳಿಗೆ ಮರಗಳು ಬಂದಿದ್ದವು. ಗದ್ದಲಕ್ಕೆ ಬೆದರುವ ಮಕ್ಕಳನ್ನು ನೆನೆದು ಸದ್ದು ಕಡಿಮೆಯಿರುವ ಜಾಗಗಳನ್ನೂ ಬಿಟ್ಟಿದ್ದರು. ಅಂಬೆಗಾಲಿಡುವ ಕೂಸನ್ನು ತಾಯಿ ಅಲ್ಲಿ ನೆಲಕ್ಕೆ ಬಿಡಬಹುದು.