ಅಪ್ಪನ ಬಯೋಡೇಟಾದ ಒಂದು ಸಾಲು

ಕಳೆದ ರಜೆಯಲ್ಲಿ ಹಾವೇರಿ ಕಡೆಯ ನಮ್ಮೂರಿಗೆ ಹೋಗಿದ್ದಾಗ ಕ್ಯಾಂಪಸ್ ಸಂದರ್ಶನಕ್ಕೆಂದು ರೆಸ್ಯೂಮೆ ಟೈಪ್ ಮಾಡುತ್ತಾ ಕೂತಿದ್ದೆ. ಅಪ್ಪ ಹಿಂದೆ ಬಂದು ನಿಂತರು. ‘ನಂದೂ ಒಂದ್ ಮಾಡಿಕೊಡೋ’ ಅಂದರು. ಬ್ಯಾಂಕೊಂದರಲ್ಲಿ ಅವರದು ಗಾರ್ಡ್ ಕೆಲಸ. ಗುತ್ತಿಗೆ ಮುಗಿಯುತ್ತಾ ಬಂದಿತ್ತು, ಬೇರೆ ಕಡೆ ಅರ್ಜಿ ಹಾಕಬೇಕಿತ್ತು. ಹೆಸರು, ವಿಳಾಸ, ಎಸ್‌ಎಸ್‌ಎಲ್‌ಸಿ ಪಾಸು ಎಂದೆಲ್ಲ ಬರೆದೆ. ‘ಕೌಶಲಗಳು’ ಎಂಬಲ್ಲಿಗೆ ಬಂದಾಗ ಏನು ಹಾಕಲಿ ಎಂದು ಕೇಳಿದೆ.

‘ಗನ್ ಲೈಸೆನ್ಸ್ ಐತಿ ಅಂತ ಬರಿ. ಅವ್ರು ಕೇಳೋದು ಅದನ್ನ.’

ಅಪ್ಪ 1992ರಲ್ಲಿ, 18ನೇ ವಯಸ್ಸಿಗೆ ಸೇನೆ ಸೇರಿದವರು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ತರಬೇತಿ, ಆಮೇಲೆ ಜಮ್ಮು, ಅಸ್ಸಾಂ, ರಾಜಸ್ಥಾನ. 2009ರಲ್ಲಿ ನಿವೃತ್ತರಾಗಿ ಬಂದಾಗ ಅವರಿಗೆ 35, ನನಗೆ ನಾಲ್ಕು. ಬಿಳಿ ಬಣ್ಣದಲ್ಲಿ ಹೆಸರು, ನಂಬರು ಬರೆದ ಕಪ್ಪು ಟ್ರಂಕು ಇಳಿಸಿದ್ದಷ್ಟೇ ನನಗೆ ನೆನಪು. ಊರಲ್ಲಿ ನಮ್ಮದು ಇವತ್ತಿಗೂ ‘ಮಿಲ್ಟ್ರಿಯವ್ರ ಮನಿ’. ಆಗಸ್ಟ್ 15ಕ್ಕೆ ಶಾಲೆಗೆ ಕರೆದು ಶಾಲು ಹೊದಿಸುತ್ತಾರೆ. 16ಕ್ಕೆ ಅಪ್ಪ ಬ್ಯಾಂಕಿನ ಬಾಗಿಲ ಬಳಿಯ ಸ್ಟೂಲಿನ ಮೇಲಿರುತ್ತಾರೆ.

ನಾನು ಓದುತ್ತಿರುವುದು ಸಿವಿಲ್ ಎಂಜಿನಿಯರಿಂಗ್. ಹಾಗಿದ್ದೂ ಅಪ್ಪನಿಗೆ ಏನೇನು ಗೊತ್ತು ಎಂದು ನಾನು ಕೇಳಿರಲೇ ಇಲ್ಲ. 2024ರ ಜುಲೈ ಕೊನೆಯಲ್ಲಿ ವಯನಾಡಿನಲ್ಲಿ ಭೂಕುಸಿತವಾಗಿ, ಚೂರಲ್‌ಮಲೆಯಲ್ಲಿ ಸೇನೆ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿತಲ್ಲ, ಅದನ್ನು ಟಿ.ವಿ.ಯಲ್ಲಿ ನೋಡುತ್ತಿದ್ದೆವು. ಕಟ್ಟಿದ್ದು ಅಪ್ಪನ ದಳವೇ. ಅಪ್ಪ ಊಟದ ತಟ್ಟೆ ಕೆಳಗಿಟ್ಟು, ‘19 ಪ್ಯಾನೆಲ್ ಉದ್ದ’ ಅಂದರು. ಒಂದು ಪ್ಯಾನೆಲ್ 10 ಅಡಿ, ಸುಮಾರು 260 ಕೆ.ಜಿ. ತೂಕ, ಆರು ಜನ ಸೇರಿ ಕೈಯಲ್ಲೇ ಎತ್ತಬಹುದು. ಪಿನ್ ಹಾಕಿ ಒಂದಕ್ಕೊಂದು ಜೋಡಿಸುತ್ತಾ ರೋಲರ್ ಮೇಲೆ ಮುಂದಕ್ಕೆ ತಳ್ಳಬೇಕು. ಆಚೆ ದಡ ಮುಟ್ಟುವ ಮೊದಲೇ ಸೇತುವೆ ಹೊಳೆಗೆ ಮಗುಚಿಕೊಳ್ಳದಂತೆ ಮುಂದೆ ಹಗುರಾದ ಮೂಗು ಕಟ್ಟಿ, ಭಾರವೆಲ್ಲ ರೋಲರಿನ ಹಿಂದೆಯೇ ಇರುವಂತೆ ನೋಡಿಕೊಳ್ಳಬೇಕು. ಇದನ್ನು ಅವರು ವಿವರಿಸಿದ್ದು ಒಂದು ಲಟ್ಟಣಿಗೆ ಮತ್ತು ಅಡುಗೆಮನೆಯ ಮಣೆ ಇಟ್ಟುಕೊಂಡು. ಕ್ಯಾಂಟಿಲಿವರ್ ಲೆಕ್ಕವನ್ನು ನಾನು ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದೆ. ಅದು ಅರ್ಥವಾಗಿದ್ದು ಆವತ್ತು ರಾತ್ರಿ.

ಇಷ್ಟು ಗೊತ್ತಿರುವ ಮನುಷ್ಯನ ಬಯೋಡೇಟಾದಲ್ಲಿ ಬರೆಯಲು ಸಿಕ್ಕಿದ್ದು ಬಂದೂಕಿನ ಲೈಸೆನ್ಸ್ ಮಾತ್ರ. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮಾಡಿದ ಯೋಧರನ್ನು ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರಂತೆ ಪರಿಗಣಿಸುವ ನಿಯಮವೊಂದಿದೆ. ಆದರೆ ಅದು ತಾಂತ್ರಿಕ ಅನುಭವ ಕಡ್ಡಾಯವಲ್ಲದ ಹುದ್ದೆಗಳಿಗೆ! ಸೇತುವೆ ಕಟ್ಟಿದವನು ಗುಮಾಸ್ತನಾಗಬಹುದು, ಸೈಟಿನಲ್ಲಿ ಸೂಪರ್‌ವೈಸರ್ ಆಗಬೇಕಾದರೆ ಮಾತ್ರ ಡಿಪ್ಲೊಮಾ ತೋರಿಸಬೇಕು.

ಅಪ್ಪನಿಗೆ ಪಿಂಚಣಿಯಾದರೂ ಇದೆ, ನನ್ನ ಕಾಲೇಜಿನ ಫೀಸು ಹೋಗುತ್ತಿರುವುದು ಅದರಿಂದಲೇ. ನನಗೆ ಚಿಂತೆ ನನ್ನ ಗೆಳೆಯನದು. ಹತ್ತನೇ ತರಗತಿವರೆಗೆ ಒಂದೇ ಬೆಂಚಿನಲ್ಲಿ ಕೂತವರು ನಾವು. ಪಿಯುಸಿ ಮುಗಿದ ವರ್ಷವೇ, 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ನಾನು ಸಿಇಟಿ ಕೌನ್ಸೆಲಿಂಗ್‌ಗೆ ಅಲೆಯುತ್ತಿದ್ದಾಗ ಅವನು ಬೆಳಿಗ್ಗೆ ನಾಲ್ಕಕ್ಕೆದ್ದು ಕೆರೆ ಏರಿಯ ಮೇಲೆ 1,600 ಮೀಟರ್ ಓಡುತ್ತಿದ್ದ. ಇಬ್ಬರೂ ಪಾಸಾದೆವು. ಕಳೆದ ಸಲ ರಜೆಗೆ ಬಂದಾಗ ಬಸ್ ನಿಲ್ದಾಣದ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ನಗುತ್ತಲೇ ಹೇಳಿದ: ‘ನಿಂದೂ ನಾಲ್ಕು ವರ್ಷ, ನಂದೂ ನಾಲ್ಕು ವರ್ಷ. ಮುಗದ ಮ್ಯಾಲೆ ಇಬ್ರೂ ಅರ್ಜಿ ಹಾಕೋರ.’

ಲೆಕ್ಕ ಅಷ್ಟು ಸಮ ಅಲ್ಲ. ಅವನಿಗೆ ಮೊದಲ ವರ್ಷ ತಿಂಗಳಿಗೆ 30 ಸಾವಿರ, ನಾಲ್ಕನೇ ವರ್ಷ 40 ಸಾವಿರ. ಅದರಲ್ಲಿ ಶೇ 30ರಷ್ಟು ಸೇವಾ ನಿಧಿಗೆ ಹೋಗುತ್ತದೆ, ಸರ್ಕಾರವೂ ಅಷ್ಟೇ ಹಾಕುತ್ತದೆ. ಕೊನೆಗೆ ಬಡ್ಡಿ ಸೇರಿ ಸುಮಾರು ₹11.71 ಲಕ್ಷ. ಕಾಯಂ ಆಗುವುದು ಹೆಚ್ಚೆಂದರೆ ಶೇ 25 ಮಂದಿ, ಉಳಿದವರಿಗೆ ಪಿಂಚಣಿ ಇಲ್ಲ. ನನ್ನ ಕಡೆ ದುಡ್ಡಿಲ್ಲ, ಖರ್ಚಷ್ಟೇ. ಆದರೆ ಕೈಯಲ್ಲಿ ಎಲ್ಲರೂ ಓದಬಲ್ಲ ಒಂದು ಕಾಗದ ಇರುತ್ತದೆ. ನನಗೆ ಪ್ಯಾನೆಲ್ ಎತ್ತಲು ಬರದಿದ್ದರೂ ಆ ಕಾಗದ ಮಾತಾಡುತ್ತದೆ.

ನಮ್ಮ ಹಾಸ್ಟೆಲಿನಲ್ಲಿ ಅಗ್ನಿಪಥದ ಚರ್ಚೆ ಶುರುವಾದರೆ ಅರ್ಧ ಜನ ದೇಶಭಕ್ತಿ ಎನ್ನುತ್ತಾರೆ, ಅರ್ಧ ಜನ ಮೋಸ ಎನ್ನುತ್ತಾರೆ. (ಇಬ್ಬರಲ್ಲಿ ಯಾರೂ ರ್‍ಯಾಲಿಗೆ ಹೋದವರಲ್ಲ.) ನನ್ನ ತಕರಾರು ಇಷ್ಟೇ: ಐಟಿಐ ಮುಗಿಸಿದವರು ನೇರ ಎರಡನೇ ವರ್ಷದ ಡಿಪ್ಲೊಮಾಗೆ, ಡಿಪ್ಲೊಮಾ ಮುಗಿಸಿದವರು ಎರಡನೇ ವರ್ಷದ ಬಿಇಗೆ ಬರುತ್ತಾರೆ. ನನ್ನ ತರಗತಿಯಲ್ಲೇ ಅಂಥವರಿದ್ದಾರೆ, ಪ್ರಾಕ್ಟಿಕಲ್‌ನಲ್ಲಿ ನಮಗಿಂತ ಮುಂದೆ. ಸೇತುವೆ ಕಟ್ಟಿದವರಿಗೆ, ಜನರೇಟರ್ ರಿಪೇರಿ ಮಾಡಿದವರಿಗೆ, ಡೋಜರ್ ಓಡಿಸಿದವರಿಗೂ ಇಂಥದೇ ಒಂದು ಬಾಗಿಲು ಯಾಕಿರಬಾರದು? ಅಗ್ನಿವೀರರ ತರಬೇತಿಗೆ ಅರ್ಧದಷ್ಟು ಕ್ರೆಡಿಟ್ ಕೊಡುವ ಪದವಿಯನ್ನು ಇಗ್ನೊ ರೂಪಿಸಿದೆ. ಒಳ್ಳೆಯದೇ. ಆದರೆ ನಮ್ಮೂರಿನ ಕಂಟ್ರಾಕ್ಟರ್ ಕೇಳುವುದು ಬಿಎ ಪದವಿಯನ್ನಲ್ಲ. ಕೆಲಸ ಗೊತ್ತು ಎನ್ನುವುದಕ್ಕೆ ಪಾಲಿಟೆಕ್ನಿಕ್ಕಿನ ಮುದ್ರೆ ಬೇಕು, ಅದೂ ಸೇವೆಯಲ್ಲಿರುವಾಗಲೇ ಸಿಗಬೇಕು. ಟ್ರಂಕು ಹೊತ್ತು ಮನೆಗೆ ಬಂದ ಮೇಲೆ ಓದಲು ಕೂರುವುದು ಸುಲಭವಲ್ಲ. ಅಪ್ಪನಿಗೆ ಆಗಲಿಲ್ಲ. ಬಂದ ವರ್ಷವೇ ಅತ್ತೆಯ ಮದುವೆ, ಮರುವರ್ಷ ಮನೆಯ ಗೋಡೆ. ಕೈಲಿದ್ದ ದುಡ್ಡು ಅಲ್ಲಿಗೆ ಮುಗಿಯಿತು. ಗೆಳೆಯನ ಮನೆಯಲ್ಲೂ ₹11 ಲಕ್ಷಕ್ಕೆ ಆಗಲೇ ಲೆಕ್ಕ ನಡೆದಿದೆಯಂತೆ.

ಆವತ್ತು ಅಪ್ಪ ಹೇಳಿದಂತೆ ಗನ್ ಲೈಸೆನ್ಸ್ ಎಂದೇ ಬರೆದೆ. ಅದರ ಮೇಲೆ ಇನ್ನೊಂದು ಸಾಲು ಸೇರಿಸಿದೆ: ‘ಬೈಲಿ ಸೇತುವೆ ಜೋಡಣೆ ಮತ್ತು ಲಾಂಚಿಂಗ್, 17 ವರ್ಷಗಳ ಅನುಭವ.’ ಅಪ್ಪ ಕನ್ನಡಕ ಏರಿಸಿಕೊಂಡು ಓದಿದರು.

‘ಬ್ಯಾಂಕಿನವ್ರು ಇದನ್ನ ಯಾಕ ಓದ್ತಾರೋ?’ ಅಂದರು. ಅಳಿಸು ಅನ್ನಲಿಲ್ಲ.